ತಾಳಿದವರು ಯಾರು, ಬಾಳಿದವರು ಯಾರು?

'ತಾಳಿದವನು ಬಾಳಿಯಾನು' ಎಂಬುದು ಹಿರಿಯರ ಮಾತು. ಕೊರೊನಾ ಕಾಲದಲ್ಲಿ ಈ ತಾಳುವಿಕೆಯನ್ನೇ ರಾಷ್ಟ್ರದ ಶಕ್ತಿಯೆಂದು ನಾವು ಕೊಂಡಾಡಿದೆವು. 2020ರ ಮಾರ್ಚ್ 22ರ ಸಂಜೆ ಮನೆಯ ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ಕ್ಷಣದ ಹೆಮ್ಮೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಹೆಮ್ಮೆಗೆ ಬೆಲೆ ತೆತ್ತವರು ಯಾರೆಂಬ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತಿದೆ.

ಎರಡು ದಿನಗಳ ಬಳಿಕ ಕೇವಲ ನಾಲ್ಕು ಗಂಟೆಗಳ ಮುನ್ಸೂಚನೆಯೊಂದಿಗೆ ದೇಶಕ್ಕೆ ದೇಶವೇ ಸ್ತಬ್ಧವಾಯಿತು. ಸಂಬಳ ನಿಲ್ಲದ ನನ್ನಂಥವರು ಮನೆಯೊಳಗೆ ಸುರಕ್ಷಿತವಾಗಿದ್ದೆವು. ದಿನಗೂಲಿಯನ್ನೇ ನಂಬಿದವರು ಹೆದ್ದಾರಿಗಳಲ್ಲಿ ಊರಿನತ್ತ ನಡೆದರು. ಮೇ ತಿಂಗಳಲ್ಲಿ, ಕಟ್ಟಡ ನಿರ್ಮಾಣ ಉದ್ಯಮಿಗಳು ಮುಖ್ಯಮಂತ್ರಿಯವರನ್ನು ಭೇಟಿಯಾದ ಬೆನ್ನಲ್ಲೇ ವಲಸೆ ಕಾರ್ಮಿಕರ ರೈಲುಗಳನ್ನು ನಮ್ಮ ರಾಜ್ಯ ಸರ್ಕಾರ ರದ್ದುಪಡಿಸಿತು. ವ್ಯಾಪಕ ಟೀಕೆಯ ನಂತರವೇ ಆ ನಿರ್ಧಾರ ಬದಲಾಯಿತು. ನಮ್ಮ ಚಪ್ಪಾಳೆಗೆ ಪಾತ್ರರಾದ ಆಶಾ ಕಾರ್ಯಕರ್ತೆಯರು ಅದೇ ಜುಲೈನಲ್ಲಿ ಮಾಸಿಕ 12,000 ರೂಪಾಯಿ ಗೌರವಧನ ಹಾಗೂ ಸುರಕ್ಷಾ ಸಾಧನಗಳಿಗಾಗಿ ಮುಷ್ಕರ ಹೂಡಬೇಕಾಯಿತು.

ಎರಡನೆಯ ಅಲೆಯಲ್ಲಿ ಉಳಿದ ಭ್ರಮೆಯೂ ಹರಿಯಿತು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದಿತು ಸರ್ಕಾರ. ಹೈಕೋರ್ಟ್ ನೇಮಿಸಿದ ಸಮಿತಿ ಈ ವಾದವನ್ನು ಒಪ್ಪಲಿಲ್ಲ. ರಾಷ್ಟ್ರಮಟ್ಟದಲ್ಲಿಯೂ ಕಥೆ ಇದೇ. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳು ಸಂಭವಿಸಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಸರ್ಕಾರದ ಅಧಿಕೃತ ಲೆಕ್ಕ ಐದು ಲಕ್ಷವನ್ನೂ ಮುಟ್ಟಿರಲಿಲ್ಲ; ಅಂದಾಜಿನ ವಿಧಾನವೇ ತಪ್ಪೆಂದು ಅದು ತಳ್ಳಿಹಾಕಿತು. ಯಾವ ಲೆಕ್ಕ ಸರಿಯೆಂಬ ವಾದ ಏನೇ ಇರಲಿ, ಸತ್ತವರೆಷ್ಟು ಎಂಬುದರಲ್ಲಿಯೇ ಒಮ್ಮತವಿಲ್ಲದಿರುವಾಗ ನಾವು ಪಾಠ ಕಲಿಯುವುದಾದರೂ ಹೇಗೆ?

ಹಾಗೆಂದು ಎಲ್ಲವೂ ಪೊಳ್ಳಲ್ಲ. 2021ರ ಅಕ್ಟೋಬರ್ ವೇಳೆಗೆ ನೂರು ಕೋಟಿ ಡೋಸ್ ಲಸಿಕೆ ನೀಡಿದ್ದು ಸಾಮಾನ್ಯ ಸಾಧನೆಯಲ್ಲ. ದಶಕಗಳ ಕಾಲ ಕಟ್ಟಿಕೊಂಡು ಬಂದ ಲಸಿಕಾ ವ್ಯವಸ್ಥೆಯೇ ಅದನ್ನು ಸಾಧ್ಯವಾಗಿಸಿತು. ವ್ಯವಸ್ಥೆ ಇದ್ದಲ್ಲಿ ದೇಶ ನಿಂತಿತು. ಇಲ್ಲದಲ್ಲಿ ಅಪರಿಚಿತ ಯುವಕರು ರಾತ್ರಿಯಿಡೀ ಸಿಲಿಂಡರ್ ಹುಡುಕಿ ಅಲೆದರು. ಅದು ಜನರ ದೊಡ್ಡತನ, ಆಡಳಿತದ ಹಿರಿಮೆಯಲ್ಲ.

2025ರೊಳಗೆ ಜಿಡಿಪಿಯ ಶೇ 2.5ರಷ್ಟನ್ನು ಸಾರ್ವಜನಿಕ ಆರೋಗ್ಯಕ್ಕೆ ವೆಚ್ಚ ಮಾಡುವ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿ ಇರಿಸಿಕೊಂಡಿತ್ತು. ಗಡುವು ಮುಗಿದಿದೆ, ಗುರಿ ಇನ್ನೂ ಕೈಗೆಟುಕಿಲ್ಲ. ಮತ್ತೊಂದು ಪಿಡುಗು ಬಂದಾಗ ನಮ್ಮ ಜನ ಮತ್ತೆ ತಾಳಿಯಾರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರೂ ಆಮ್ಲಜನಕವೂ ಇರುವಂತೆ ಮಾಡುವುದು ಅವರ ತಾಳ್ಮೆಯ ಕೆಲಸವಲ್ಲ. ಅದನ್ನು ಕೇಳಿ ಪಡೆಯುವ ಹೊಣೆ, ಅಂದು ಬಾಲ್ಕನಿಯಲ್ಲಿ ನಿಂತಿದ್ದ ನಮ್ಮದು.