ಹದಿನಾರರ ಹಾಡು

ಸಂಘದ ಸಮಾರಂಭಗಳಲ್ಲಿ ಊಟ ಮುಗಿದು ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ಹೋಗುವ ಹೊತ್ತಿಗೆ, ಮಾತು ಬೆಲೆಯೇರಿಕೆಯನ್ನೂ ರಾಜಕೀಯವನ್ನೂ ದಾಟಿ ಹಾಡುಗಳಿಗೆ ಬಂದು ನಿಲ್ಲುವುದು ವಾಡಿಕೆ. ಆಗ ಯಾರಾದರೊಬ್ಬರು ನಿಟ್ಟುಸಿರಿಟ್ಟು, "ಆ ಕಾಲದ ಹಾಡು ಈಗೆಲ್ಲಿ ಸ್ವಾಮಿ!" ಎನ್ನದೆ ಇರರು. ಸುತ್ತಲಿನವರೆಲ್ಲ ತಲೆದೂಗುತ್ತಾರೆ. ಆದರೆ "ಆ ಕಾಲ"ವೆಂದರೆ ಯಾವುದು ಎಂದು ಸ್ವಲ್ಪ ಕೆದಕಿ ಕೇಳಿ ನೋಡಿ; ತಲೆದೂಗಿದವರಲ್ಲೇ ಒಡಕು ಕಾಣುತ್ತದೆ.

ಎಪ್ಪತ್ತೈದನ್ನು ದಾಟಿದ ಹಿರಿಯರಿಗೆ ಅದು ರಾಜಕುಮಾರರ ಪಾತ್ರಗಳಿಗೆ ಪಿ. ಬಿ. ಶ್ರೀನಿವಾಸರು ಕಂಠದಾನ ಮಾಡುತ್ತಿದ್ದ ಕಾಲ. ಅರವತ್ತೈದರ ಆಸುಪಾಸಿನವರಿಗೆ 'ಬಯಲು ದಾರಿ', 'ನಾ ನಿನ್ನ ಮರೆಯಲಾರೆ' ಚಿತ್ರಗಳು ಬಂದ 1976. ರಾಜನ್–ನಾಗೇಂದ್ರ ಸೋದರರ ಕಾಲ. ಅರವತ್ತರವರಿಗೆ ಇಳಯರಾಜರ ಸಂಗೀತದಲ್ಲಿ ಶಂಕರನಾಗರ 'ಗೀತಾ' ಬಂದ 1981. ಐವತ್ತೈದರವರಿಗೆ ಹಂಸಲೇಖರ 'ಪ್ರೇಮಲೋಕ'ದ 1987. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂದಾಗ ಹಿರಿಯರು ಮೂಗು ಮುರಿದದ್ದುಂಟು. ಅಂದು ಅದನ್ನು ಗುನುಗುತ್ತ ಪಾಠ ಮರೆತ ಹುಡುಗರಿಗೆ ಈಗ ಮೂವತ್ತೈದಾಗಿ, ಮಕ್ಕಳಾಗಿ, ಅವರೂ "ಆ ಕಾಲದ ಹಾಡು ಈಗೆಲ್ಲಿ" ಎಂಬ ಸಾಲಿಗೆ ಸೇರಿಬಿಟ್ಟಿದ್ದಾರೆ.

ಇವರೆಲ್ಲರ ತೀರ್ಪೂ ಒಮ್ಮೆಗೇ ನಿಜವಾಗಿರಲು ಸಾಧ್ಯವಿಲ್ಲ. ಹಾಗೆಂದು ಯಾರೂ ಸುಳ್ಳಾಡುತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಂತೆ, ಪ್ರತಿಯೊಬ್ಬರಿಗೂ ಅವರವರ ಹದಿನಾರನೆಯ ವಯಸ್ಸಿನ ಹಾಡು ಮುದ್ದು. ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ನಲವತ್ತು ದಾಟಿದವರನ್ನು ಕೂರಿಸಿಕೊಂಡು ಬಾಳಿನ ನೆನಪುಗಳನ್ನು ಹೇಳಿರೆಂದರೆ, ಹತ್ತರಿಂದ ಮೂವತ್ತರವರೆಗಿನ ಪ್ರಾಯದ ಸಂಗತಿಗಳೇ ಗುಂಪುಗುಂಪಾಗಿ ಬರುತ್ತವೆ. ಹಾಡಿನ ನೆನಪು ಅದರಲ್ಲೂ ಹದಿಹರೆಯದತ್ತ ವಾಲುತ್ತದೆ. ಮೊದಲ ಗೆಳೆತನ, ಮೊದಲ ಸೋಲು, ಹೇಳಿಕೊಳ್ಳಲಾಗದ ಮೊದಲ ಒಲವು, ಎಲ್ಲವೂ ನಡೆಯುವಾಗ ಹಿನ್ನೆಲೆಯಲ್ಲಿ ಯಾವುದೋ ಒಂದು ಹಾಡು ಕೇಳುತ್ತಿರುತ್ತದೆ. ಅನುಭವ ಬೆಲ್ಲವಾದರೆ ಹಾಡು ಅದಕ್ಕೆ ಅಂಟಿದ ಎಲೆ. ಮುಂದೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಲಾಗುವುದಿಲ್ಲ.

ಊರಿನಲ್ಲೇ ಉಳಿದವರಿಗೆ ಇದೊಂದು ಹರಟೆಯ ವಿಷಯವಾದೀತು. ಊರು ಬಿಟ್ಟು ದೆಹಲಿಗೆ ಬಂದ ನಮಗೆ ಅದು ಇನ್ನೂ ಸ್ವಲ್ಪ ಆಳಕ್ಕೆ ತಾಗುತ್ತದೆ. ಹದಿಹರೆಯವನ್ನು ಅಲ್ಲಿ ಕಳೆದು ನೌಕರಿಗಾಗಿ ಇಲ್ಲಿಗೆ ಬಂದವರಿಗೆ ಹಾಡೇ ಊರಿನ ವಿಳಾಸವಾಯಿತು. ಎಂಬತ್ತರ ದಶಕದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಹೊಸದಿಲ್ಲಿಗೆ ಇಳಿಯುತ್ತಿದ್ದ ಟ್ರಂಕುಗಳಲ್ಲಿ ಹುಳಿಪುಡಿ, ಹಪ್ಪಳ, ಸಂಡಿಗೆಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ನಾಲ್ಕಾರು ಕ್ಯಾಸೆಟ್ಟುಗಳೂ ಇರುತ್ತಿದ್ದುವು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟು ಎಂದು ಹೆಸರಾದ 'ನಿತ್ಯೋತ್ಸವ' 1978ರದು. ಕವಿತೆ ನಿಸಾರ್ ಅಹಮದರದು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಅದು ಎಷ್ಟು ಮನೆಗಳಲ್ಲಿ ಸವೆಯುವವರೆಗೆ ತಿರುಗಿತೆಂಬುದನ್ನು ಆ ಮನೆಯವರೇ ಬಲ್ಲರು.

ಆ ದಿನಗಳ ಕಷ್ಟಸುಖಗಳೂ ನೆನೆಯತಕ್ಕವೇ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟನ್ನೂ ಬೇಕಾದ ಹಾಡುಗಳ ಪಟ್ಟಿಯನ್ನೂ ಊರಿನ ಅಂಗಡಿಯವನ ಕೈಗೆ ಕೊಟ್ಟರೆ, ಅವನು ಒಂದು ಮಗ್ಗುಲಿಗೆ ಮೂವತ್ತು ನಿಮಿಷದಂತೆ ತುಂಬಿಸಿಕೊಡುತ್ತಿದ್ದ. ಕಡೆಯ ಹಾಡು ಅರ್ಧಕ್ಕೆ ಕಡಿದುಹೋಗುತ್ತಿತ್ತು. ಈಗ ಅದೇ ಹಾಡು ಪೂರ್ತಿ ಸಿಕ್ಕಿದರೂ, ಅಲ್ಲಿಗೆ ಬಂದಾಗ ಕಿವಿ ತಾನಾಗಿ ನಿಲ್ಲುತ್ತದೆ. ಸುರುಳಿ ಸಡಿಲವಾದರೆ ಪೆನ್ಸಿಲು ಸಿಕ್ಕಿಸಿ ತಿರುಗಿಸಬೇಕು. ಮೇ ತಿಂಗಳ ದೆಹಲಿಯ ಬಿಸಿಲಿಗೆ ಕಿಟಕಿಯಲ್ಲಿ ಮರೆತಿಟ್ಟರೆ ಮುಗಿಯಿತು, ಕ್ಯಾಸೆಟ್ಟು ಹಪ್ಪಳದಂತೆ ಸೊಟ್ಟಗಾಗುತ್ತಿತ್ತು. ಟೆಲಿವಿಷನ್ನಿನಲ್ಲಿ ದೂರದರ್ಶನದ 'ಚಿತ್ರಮಾಲಾ' ಬರುತ್ತಿತ್ತು. ನಾನಾ ಭಾಷೆಗಳ ಚಿತ್ರಗೀತೆಗಳ ನಡುವೆ ಕನ್ನಡದ ಒಂದು ಬಂದೀತೇ ಎಂದು ಮನೆಮಂದಿಯೆಲ್ಲ ಕಾದು ಕೂರುವುದು. ಬಂದರೆ ಹಬ್ಬ.

ಇನ್ನೊಂದು ಬಗೆಯವರೂ ನಮ್ಮಲ್ಲಿದ್ದಾರೆ. ಕರೋಲ್‌ಬಾಗಿನಲ್ಲೋ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲೋ ಹುಟ್ಟಿ ಬೆಳೆದವರು. ಅವರ ಹದಿನಾರು ಹಿಂದಿಯಲ್ಲಿ ಕಳೆಯಿತು. 1969ರ 'ಆರಾಧನಾ' ಚಿತ್ರದ ಕಿಶೋರ್ ಕುಮಾರರೇ ಅವರ ಪ್ರಾಯದ ದನಿ. ಇದಕ್ಕಾಗಿ ಅವರು ನಾಚಬೇಕಾದ್ದಿಲ್ಲ, ಅವರ ಕನ್ನಡತನಕ್ಕೆ ಇದರಿಂದ ಕುಂದೂ ಇಲ್ಲ. ಅಂಥವರಿಗೆ ನಾವು ಒಂದು ಉಪಾಯ ಹೇಳುವುದುಂಟು: ನಿಮ್ಮ ಕಿಶೋರರೇ 1972ರ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ ಕನ್ನಡದಲ್ಲಿ ಹಾಡಿದ್ದಾರೆ, ಲತಾ ಮಂಗೇಶ್ಕರರು 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ, ಮಹಮ್ಮದ್ ರಫಿಯವರು ಅದೇ ವರ್ಷದ 'ಒಂದೇ ಬಳ್ಳಿಯ ಹೂಗಳು' ಚಿತ್ರದಲ್ಲಿ ಹಾಡಿದ್ದಾರೆ. ಪರಿಚಿತ ಕಂಠದಲ್ಲಿ ಪರಿಚಯವಿಲ್ಲದ ಭಾಷೆ ಬಂದರೆ ಬಾಗಿಲು ಬೇಗ ತೆರೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಮಕ್ಕಳಿಗೆ ಈಗ ಹದಿನಾರು. ಅವರ ಕಿವಿಯಲ್ಲಿ ಪಂಜಾಬಿಯ ಹಾಡು, ಕೊರಿಯಾದ ಹುಡುಗರ ತಂಡ, ಇಂಗ್ಲಿಷಿನ ರ‍್ಯಾಪು. ತಂದೆತಾಯಿಗಳ ಕೊರಗು ನಮಗೆ ಗೊತ್ತು: "ಇವರು ದೊಡ್ಡವರಾಗಿ ಯಾವ ಹಾಡು ನೆನೆದು ಕಣ್ಣು ಒದ್ದೆಮಾಡಿಕೊಂಡಾರು? ಅದರಲ್ಲಿ ಕನ್ನಡದ ಒಂದಾದರೂ ಇದ್ದೀತೆ?"

ಗದರುವುದರಿಂದ ಇದಕ್ಕೆ ಪರಿಹಾರ ಸಿಗದು. ಇದೇ ದೆಹಲಿಯಿಂದ ಒಮ್ಮೆ ದೇಶಕ್ಕೆ ದೇಶವನ್ನೇ ಗದರಿ ನೋಡಿದ್ದಾಗಿದೆ. 1952ರಲ್ಲಿ ವಾರ್ತಾ ಮಂತ್ರಿಗಳಾದ ಬಿ. ವಿ. ಕೇಸ್ಕರರು ಚಲನಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುವುದೆಂದು ಅವುಗಳನ್ನು ಆಕಾಶವಾಣಿಯಿಂದ ದೂರವಿರಿಸಿದರು. ಜನ ಶಾಸ್ತ್ರೀಯ ಸಂಗೀತಕ್ಕೆ ತಿರುಗಲಿಲ್ಲ. ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಮನೆಮಾತಾಯಿತು. ಕಡೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧಭಾರತಿಯನ್ನು ತೆರೆಯಬೇಕಾಯಿತು. ಮಂತ್ರಿಗಳಿಗೆ ಆಗದ ಕೆಲಸ ನಮ್ಮ ನಿಮ್ಮಿಂದ ಆದೀತೆ?

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅಮೆರಿಕದ ಕ್ಯಾರಲ್ ಕ್ರುಮ್‌ಹನ್ಸಲ್, ಜಸ್ಟಿನ್ ಝುಪ್ನಿಕ್ ಎಂಬ ಇಬ್ಬರು ಸಂಶೋಧಕರು 2013ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಪ್ಪತ್ತರ ಆಸುಪಾಸಿನ ತರುಣರಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿ, ಯಾವುದು ನೆನಪು ತರುತ್ತದೆ, ಯಾವುದು ಹಿತವೆನಿಸುತ್ತದೆ ಎಂದು ವಿಚಾರಿಸಿದರು. ತಮ್ಮ ಕಾಲದ ಹಾಡುಗಳು ಮೇಲೆದ್ದುದರಲ್ಲಿ ಆಶ್ಚರ್ಯವಿಲ್ಲ. ಜತೆಗೆ, ಅವರ ತಂದೆತಾಯಿಗಳು ತರುಣರಾಗಿದ್ದ ಕಾಲದ, ಅಂದರೆ ಇವರು ಹುಟ್ಟುವುದಕ್ಕೂ ಮೊದಲಿನ, ಹಾಡುಗಳೂ ಮೇಲೆದ್ದುವು! ಮನೆಯಲ್ಲಿ ಹಿರಿಯರು ತಮಗಾಗಿ ಹಾಕಿಕೊಂಡ ಹಾಡು ಮಗುವಿನ ಕಿವಿಗೂ ಬಿದ್ದು ಉಳಿದಿರಬೇಕೆಂದು ಅವರ ಊಹೆ. ಹಾಡಿಗೂ ಪಿತ್ರಾರ್ಜಿತವುಂಟೆಂದಾಯಿತು.

ಆದರೆ ಈ ಆಸ್ತಿ ಕೈಸೇರಲು ಒಂದು ಷರತ್ತಿದೆ. ಹಾಡು ಮನೆಯಲ್ಲಿ ಗಟ್ಟಿಯಾಗಿ ಕೇಳಬೇಕು. ಹಿಂದೆ ಇದಕ್ಕೆ ಯಾರೂ ಪ್ರಯತ್ನಪಡಬೇಕಿರಲಿಲ್ಲ. ಮನೆಗೆ ಒಂದೇ ರೇಡಿಯೋ, ಅಡಿಗೆಮನೆಗೂ ನಡುಮನೆಗೂ ಕೇಳುವಂತೆ ಗೂಡಿನಲ್ಲಿ ಕುಳಿತಿರುತ್ತಿತ್ತು. ಅಮ್ಮ ಒಗ್ಗರಣೆ ಹಾಕುವಾಗ, ಅಪ್ಪ ಕ್ಷೌರ ಮಾಡಿಕೊಳ್ಳುವಾಗ, ಮಕ್ಕಳು ಲೆಕ್ಕ ಬಿಡಿಸುವಾಗ ಹಾಡು ಎಲ್ಲರದೂ ಆಗಿತ್ತು. ಗುಲ್ಶನ್ ಕುಮಾರರು 1983ರಲ್ಲಿ ಆರಂಭಿಸಿದ ಟಿ-ಸೀರೀಸ್ ನೋಯ್ಡಾದಿಂದ ಅಗ್ಗದ ಕ್ಯಾಸೆಟ್ಟುಗಳನ್ನು ಹರಿಯಬಿಟ್ಟಾಗಲೂ ಯಂತ್ರ ಮಾತ್ರ ಮನೆಗೊಂದೇ. ಈಗ ಅದೇ ನೋಯ್ಡಾದ ಒಂದು ಮನೆಯಲ್ಲಿ ನಾಲ್ಕು ಮಂದಿ, ನಾಲ್ಕು ಫೋನು, ಎಂಟು ಕಿವಿಗಳಿಗೂ ಬಿರಡೆ. ಅಪ್ಪ 'ಗೀತಾ' ಕೇಳುತ್ತಾನೆ, ಮಗನಿಗೆ ತಿಳಿಯದು. ಮಗ ಏನು ಕೇಳುತ್ತಾನೋ ಅಪ್ಪನಿಗೆ ತಿಳಿಯದು. ಹಾಡು ಹೆಚ್ಚಿತು, ಅದು ಒಬ್ಬರಿಂದ ಒಬ್ಬರಿಗೆ ದಾಟುವ ಸೇತುವೆ ಬಿದ್ದಿತು. ಮಕ್ಕಳು ಪಂಜಾಬಿ ಹಾಡು ಕೇಳುತ್ತಾರೆಂಬುದಕ್ಕಿಂತ, ನಮ್ಮ ಹಾಡು ಅವರಿಗೆ ಕೇಳಿಸುವುದೇ ಇಲ್ಲವೆಂಬುದು ನಮಗೆ ಹೆಚ್ಚು ಚಿಂತೆಯ ಮಾತಾಗಿ ತೋರುತ್ತದೆ.

ಆದುದರಿಂದ ನಮ್ಮದೊಂದು ಸಣ್ಣ ಸೂಚನೆ. ದಿನಕ್ಕೆ ಅರ್ಧ ಗಂಟೆ ಬಿರಡೆ ತೆಗೆಯಿರಿ. ಬೆಳಗಿನ ತಿಂಡಿಯ ಹೊತ್ತಾಗಲಿ, ಗುರುಗ್ರಾಮದಿಂದ ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೆ ಬರುವ ಕಾರಿನ ಪ್ರಯಾಣವಾಗಲಿ, ಹಾಡು ಎಲ್ಲರ ಕಿವಿಗೆ ಬೀಳಲಿ. "ಕೇಳು, ಇದು ನಮ್ಮ ಸಂಸ್ಕೃತಿ" ಎಂಬ ಉಪನ್ಯಾಸ ಬೇಡ. ಅರ್ಥ ಕೇಳಿ ಪರೀಕ್ಷೆ ನಡೆಸುವುದಂತೂ ಬೇಡವೇ ಬೇಡ. ನಿಮ್ಮ ಒಂದು ಹಾಡು ಮುಗಿದ ಮೇಲೆ ಅವರ ಒಂದು ಹಾಡಿಗೆ ಸರದಿ ಬಿಡಿ, ಮುಖ ಸಿಂಡರಿಸದೆ ಕೇಳಿ. ರಾಜಕುಮಾರರೇ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಇಂಗ್ಲಿಷ್ ಹಾಡು ಹಾಡಿರುವಾಗ ನಮಗೇಕೆ ಮಡಿ? 'ಮುಂಗಾರು ಮಳೆ'ಗೆ ರಾಗ ಹಾಕಿದ ಮನೋಮೂರ್ತಿಯವರು ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು. ಅದರಲ್ಲಿ ಹಾಡಿದ ಸೋನು ನಿಗಮರು ಹುಟ್ಟಿದ್ದು ನಮ್ಮ ಪಕ್ಕದ ಫರೀದಾಬಾದಿನಲ್ಲಿ. ಹಾಡು ಊರಿನ ಗಡಿಯನ್ನು ನಾವೆಣಿಸಿದಷ್ಟು ಲಕ್ಷಿಸುವುದಿಲ್ಲ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲೂ ಒಂದು ಬದಲಾವಣೆ ಮಾಡಬಹುದು. ನಮ್ಮ ಹದಿನಾರರ ಹಾಡುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದರ ಜತೆಗೆ, ಅವರ ಪ್ರಾಯದ ಕನ್ನಡ ಹಾಡೊಂದನ್ನು ಅವರೇ ಆರಿಸಿಕೊಳ್ಳಲಿ. 'ಕೆಜಿಎಫ್' (2018), 'ಕಾಂತಾರ' (2022) ಬಂದ ಮೇಲೆ ಇಲ್ಲಿನ ಶಾಲೆಗಳಲ್ಲಿ ಕನ್ನಡ ಚಿತ್ರದ ಹೆಸರು ಹೇಳಿದರೆ ಗೆಳೆಯರೂ ಕಿವಿ ನಿಮಿರಿಸುತ್ತಾರೆ. ಹಾಡು ನಮಗೆ ಒಗ್ಗದಿರಬಹುದು. ಅದು ಅವರಿಗಾಗಿ ತಾನೆ?

ಮನೆಯ ಅಜ್ಜ ಅಜ್ಜಿಯರನ್ನೂ ಮರೆಯಬಾರದು. ಮಗನ ಮನೆಯೆಂದು ಎಪ್ಪತ್ತರ ಮೇಲೆ ಊರು ಬಿಟ್ಟು ಬಂದು, ಹನ್ನೆರಡನೆಯ ಮಹಡಿಯ ಬಾಲ್ಕನಿಯಲ್ಲಿ ಹಿಂದಿ ಬಾರದೆ ಕುಳಿತಿರುವವರು ನಮ್ಮಲ್ಲಿ ಎಷ್ಟೋ ಮಂದಿ. ಮರೆವಿನ ಕಾಯಿಲೆ ಬಂದವರಲ್ಲಿ ಕೂಡ, ಹೆಸರುಗಳು ಅಳಿಸಿಹೋದ ಮೇಲೂ, ಎಳೆಯ ಪ್ರಾಯದ ಹಾಡು ಉಳಿದಿರುವುದುಂಟು. ಹಾಡು ಮದ್ದಾಗಲಾರದು; ಆದರೆ ಒಂದು ಸಂಜೆಯನ್ನು ಹಗುರ ಮಾಡಬಲ್ಲುದು. ಅವರ ಹದಿನಾರರ ಹಾಡು ಯಾವುದೆಂದು ಮೊಮ್ಮಕ್ಕಳು ಕೇಳಿ, ಹುಡುಕಿ, ಹಾಕಿಕೊಡಲಿ. ಫೋನಿನಲ್ಲಿ ಹುಡುಕುವ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಅಜ್ಜಿಯವರಿಗೆ ಇದನ್ನು ಕೇಳಿದವರು ಈವರೆಗೆ ಯಾರೂ ಇಲ್ಲದಿರಬಹುದು. ಮುಂದೆ ಕೇಳೋಣವೆಂದು ಕಾಯುವಷ್ಟು ಕಾಲವೂ ಇಲ್ಲದಿರಬಹುದು.