ಮೂರು ದಿನಕ್ಕೆ ಮೂರು ಪಾರ್ಕ್ ಬೇಡ

ಊರಿಂದ ಅಪ್ಪ-ಅಮ್ಮ ಬರ್ತಾರೆ ಅಂದ ತಕ್ಷಣ ಬೆಡ್‌ಫರ್ಡ್ ಪಾರ್ಕ್‌ನ ನಮ್ಮಂಥವರು ಹಾಕೋದು ಗೋಲ್ಡ್ ಕೋಸ್ಟ್ ಪ್ಲಾನ್: ಡ್ರೀಮ್‌ವರ್ಲ್ಡ್, ಮೂವೀ ವರ್ಲ್ಡ್, ಸೀ ವರ್ಲ್ಡ್, ಮೂರು ದಿನದಲ್ಲಿ ಮೂರೂ. ಕಳೆದ ಡಿಸೆಂಬರ್‌ನಲ್ಲಿ ನಾನೂ ಅದನ್ನೇ ಮಾಡಿದೆ. ದೊಡ್ಡ ರೈಡ್‌ಗಳ ಮುಂದೆಲ್ಲ ಹೃದಯ, ಬೆನ್ನು, ಕುತ್ತಿಗೆ ತೊಂದರೆ ಇದ್ದವರು ಹತ್ತಬಾರದು ಅನ್ನೋ ಬೋರ್ಡ್. ಅಪ್ಪನಿಗೆ ಸ್ಟೆಂಟ್ ಹಾಕಿದ್ದು ಗೊತ್ತಿದ್ದೂ ಟಿಕೆಟ್ ತಗೊಳ್ಳುವಾಗ ನನಗೆ ನೆನಪಾಗಲಿಲ್ಲ. ನಾನು, ತಂಗಿ ಕ್ಯೂನಲ್ಲಿ ನಿಂತರೆ, ಅವರಿಬ್ಬರೂ ಬ್ಯಾಗ್ ಕಾಯ್ತಾ ಬೆಂಚ್ ಮೇಲೆ ಕೂತಿದ್ದರು. “ಚೆನ್ನಾಗಿತ್ತು ಕಣೋ” ಅಂದರು, ಅಷ್ಟೇ.

ನನ್ನ ಪ್ರಕಾರ ಒಂದೇ ಪಾರ್ಕ್ ಸಾಕು. 1981ರಿಂದ ಇರುವ ಡ್ರೀಮ್‌ವರ್ಲ್ಡ್‌ನಲ್ಲಿ ರೈಡ್ ಹತ್ತದವರಿಗೂ ಕೋಲಾ, ಕಾಂಗರೂ ಇವೆ. ಅಪ್ಪ ಮನಸಾರೆ ನಕ್ಕಿದ್ದು ಅಲ್ಲೇ. ಬೇಸಿಗೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಗಡಿಯಾರ ಅಡಿಲೇಡ್‌ಗಿಂತ ಅರ್ಧ ಗಂಟೆ ಹಿಂದೆ, ಹಾಗಾಗಿ ಬೇಗ ಏಳೋದು ಕಷ್ಟವಲ್ಲ. ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ, ಮಧ್ಯಾಹ್ನದ ಬಿಸಿಲಿಗೆ ರೂಮಿಗೆ ಬನ್ನಿ.

ಉಳಿದ ಎರಡು ದಿನ ಅಡಿಲೇಡ್‌ಗೇ ಕೊಡಿ. ಫ್ಲಿಂಡರ್ಸ್ ಸ್ಟೇಷನ್‌ನಿಂದ ರೈಲಲ್ಲಿ ಸಿಟಿಗೆ, ಅಲ್ಲಿಂದ ಟ್ರಾಮಲ್ಲಿ ಗ್ಲೆನೆಲ್ಗ್ ಬೀಚ್‌ಗೆ ಕರ್ಕೊಂಡು ಹೋಗಿ. ನಿಮ್ಮ ಲ್ಯಾಬು, ರೂಮು, ಅನ್ನ ಮಾಡೋ ಕುಕ್ಕರ್ ಎಲ್ಲ ತೋರಿಸಿ. ನಮ್ಮಮ್ಮ ಹೆಚ್ಚು ಪ್ರಶ್ನೆ ಕೇಳಿದ್ದು ಕುಕ್ಕರ್ ಬಗ್ಗೆನೇ. ಬುಕ್ ಮಾಡೋ ಮೊದಲು ಮಾತ್ರ ಮನೆಗೊಂದು ಫೋನ್ ಮಾಡಿ, ಮಂಡಿನೋವು, ಬಿಪಿ ಎಲ್ಲ ಕೇಳಿಬಿಡಿ.