ಅಶ್ವಶಿಕ್ಷಣದಲ್ಲಿ ವಿಶ್ವಾಸದ ಸ್ಥಾನ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಮೊದಲು ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಬಳ್ಳಿಯ ಸುರುಳಿ, ಆಮೇಲೆ ಸವಾರರನ್ನು ಹೊತ್ತ ಕುದುರೆಗಳ ಸಾಲು. ಆನೆ ಸ್ಥೈರ್ಯಕ್ಕೆ, ಸಿಂಹ ಶೌರ್ಯಕ್ಕೆ, ಕುದುರೆ ವೇಗಕ್ಕೆ ಸಂಕೇತವೆಂದು ಮಾರ್ಗದರ್ಶಿಗಳು ವಿವರಿಸುತ್ತಾರೆ. ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ತಲೆದೂಗಿ ಮುಂದಿನ ಶಿಲ್ಪಕ್ಕೆ ಹೋಗುತ್ತಾರೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ, 1220ರಲ್ಲಿ ಕಟ್ಟಿದ ಅರಸೀಕೆರೆಯ ಈಶ್ವರ ದೇವಾಲಯ, ಇವುಗಳ ವಿಷಯವಾಗಿ ವಾಸ್ತುವಿನ ವಿದ್ವಾಂಸರು ಬರೆದುದು ಅಪಾರ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಬರಹ ಇನ್ನೂ ಹೆಚ್ಚಿದೆ. ಆದರೆ ಕಲ್ಲಿನ ಕುದುರೆಗೆ ಮಾದರಿಯಾಗಿ ನಿಂತ ಜೀವಂತ ಕುದುರೆಯನ್ನು ಕುರಿತು ಯಾರೂ ಕೇಳುವುದಿಲ್ಲ. ಆನೆಯ ಪಕ್ಕದಲ್ಲಿ, ಭೇರಿಯ ಸದ್ದಿನಲ್ಲಿ, ಕತ್ತಿಗಳ ನಡುವೆ ಓಡಿಹೋಗದೆ ನಿಲ್ಲುವುದನ್ನು ಅದಕ್ಕೆ ಕಲಿಸಿದವರು ಯಾರು, ಕಲಿಸಿದ್ದು ಹೇಗೆ? ಸವಾರನ ಹೆಸರು ವೀರಗಲ್ಲಿನಲ್ಲಿ ಉಳಿಯಿತು. ಲಾಯದ ಕಾಸದಾರನ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಆ ಕುದುರೆಗಳಲ್ಲಿ ಶ್ರೇಷ್ಠವಾದವು ಈ ನೆಲದವಲ್ಲ. ಅರಬ್ಬೀ ದೇಶಗಳಿಂದ ಹಡಗು ಹತ್ತಿ ಪಶ್ಚಿಮದ ರೇವುಗಳಲ್ಲಿ ಇಳಿದು, ಘಟ್ಟವೇರಿ ಬಂದವು. ಕಡಲಮಾರ್ಗವಾಗಿ ಕುದುರೆ, ಆನೆ, ಮುತ್ತುಗಳನ್ನು ತಂದು ಅರಸರಿಗೆ ಮಾರಿದ ವರ್ತಕನೊಬ್ಬನನ್ನು ಅರಸೀಕೆರೆ ಸೀಮೆಯ ಹೊಯ್ಸಳ ಕಾಲದ ಶಾಸನವೊಂದು ಪ್ರಶಂಸಿಸುತ್ತದೆ. ಚಿನ್ನ ತೂಗಿ ಕೊಂಡ ಈ ಪ್ರಾಣಿಗಳ ಗತಿ ದಕ್ಷಿಣದಲ್ಲಿ ಏನಾಗುತ್ತಿತ್ತೆಂಬುದಕ್ಕೆ ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೋ ಪೋಲೋ ಸಾಕ್ಷಿ ನುಡಿದಿದ್ದಾನೆ. ಅಲ್ಲಿಯ ಅರಸರು ವರ್ಷವರ್ಷವೂ ಸಾವಿರಗಟ್ಟಲೆ ಕುದುರೆ ಕೊಳ್ಳುತ್ತಿದ್ದರು, ಸಾಕುವ ಕ್ರಮ ತಿಳಿಯದ ಕಾರಣ ವರ್ಷ ತುಂಬುವುದರೊಳಗೆ ಬಹುಪಾಲು ಸಾಯುತ್ತಿದ್ದವು, ಮತ್ತೆ ಕೊಳ್ಳುತ್ತಿದ್ದರು. ವಿದೇಶೀ ಪ್ರವಾಸಿಗಳ ಮಾತಿನಲ್ಲಿ ಉತ್ಪ್ರೇಕ್ಷೆ ಇರುವುದುಂಟು. ಅದನ್ನು ಕಳೆದರೂ ಉಳಿಯುವ ಸಂಗತಿ ಲಜ್ಜಾಸ್ಪದವೇ.

ಹಾಗೆಂದು ಈ ನಾಡಿನಲ್ಲಿ ಅಶ್ವವಿದ್ಯೆಯೇ ಇರಲಿಲ್ಲವೆನ್ನುವಂತಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದು ಬಂದ ಶಾಸ್ತ್ರಪರಂಪರೆ ದೊಡ್ಡದು. ಬೇಲೂರಿನ ದೇವಾಲಯವಾದ ಕೆಲವೇ ವರ್ಷಗಳಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಪರೀಕ್ಷೆಗೂ ವಾಹ್ಯಾಳಿಗೂ ಸ್ಥಾನವಿದೆ. ಕೆಳದಿಯ ಬಸವಭೂಪಾಲನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೂ ಅಶ್ವವಿಚಾರವನ್ನು ಬಿಟ್ಟಿಲ್ಲ. ಆದರೆ ಈ ಪರಂಪರೆಯಲ್ಲಿ ಕುದುರೆಯ ಬಣ್ಣ, ಸುಳಿ, ಶುಭಾಶುಭ ಲಕ್ಷಣಗಳಿಗೆ ಸಂದ ಗೌರವ ಅತಿಯಾಯಿತು. ಇಂದಿಗೂ ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಸುಳಿ ನೋಡುವುದಕ್ಕೆ ಅರ್ಧ ದಿನ ಕಳೆಯುತ್ತಾನೆ. ಅದೇ ಎತ್ತಿನ ಕಿವಿಯನ್ನೂ ಕಣ್ಣನ್ನೂ ಅರ್ಧ ಗಳಿಗೆ ಗಮನಿಸಿದ್ದರೆ ಅದು ಹಾಯುವುದೋ ಹಾಯದೋ ಎಂಬುದು ಹೆಚ್ಚು ನಿಶ್ಚಯವಾಗಿ ತಿಳಿಯುತ್ತಿತ್ತು.

ಕುದುರೆ ಬೇಟೆಗೆ ಗುರಿಯಾಗುವ ಪ್ರಾಣಿ. ಹುಲಿಗಿರುವ ಉಗುರು ಅದಕ್ಕಿಲ್ಲ, ಎತ್ತಿಗಿರುವ ಕೊಂಬು ಇಲ್ಲ. ಓಟವೊಂದೇ ಅದರ ರಕ್ಷೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಲೆಯನ್ನು ತಿರುಗಿಸದೆಯೇ ಸುತ್ತಲಿನದೆಲ್ಲವೂ ಬಹುಮಟ್ಟಿಗೆ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ಹಣೆಯ ನೇರ ಮುಂದೆ ತೀರ ಹತ್ತಿರದ ಜಾಗ, ಬಾಲದ ನೇರ ಹಿಂದಿನ ಜಾಗ. ತಿಳಿಯದವನು ಸರಿಯಾಗಿ ಈ ಎರಡು ಕಡೆಗಳಿಂದಲೇ ಅದರ ಬಳಿಗೆ ಹೋಗುತ್ತಾನೆ. ಕಚ್ಚಿತು, ಒದೆಯಿತು ಎಂದು ಅದನ್ನು ದೂರುತ್ತಾನೆ. ತಿಳಿದವನು ಭುಜದ ಪಕ್ಕದಿಂದ, ಓರೆಯಾಗಿ, ಅವಸರವಿಲ್ಲದೆ, ಮೆಲುದನಿಯಲ್ಲಿ ಮಾತನಾಡುತ್ತ ಹೋಗುತ್ತಾನೆ. ದಿಟ್ಟಿಸಿ ನೋಡುವುದಿಲ್ಲ, ಕೈಯನ್ನು ಥಟ್ಟನೆ ಎತ್ತುವುದಿಲ್ಲ. ಅದರ ಕಿವಿಗಳು ಒಂದೊಂದೂ ಬೇರೆಬೇರೆಯಾಗಿ ತಿರುಗಬಲ್ಲವು. ಒಂದು ಕಿವಿ ಮನುಷ್ಯನ ಕಡೆಗೆ ತಿರುಗಿದರೆ ಅದರ ಗಮನ ಇತ್ತ ಬಂದಿದೆಯೆಂದು ಅರ್ಥ. ಎರಡೂ ಹಿಂದಕ್ಕೆ ಒರಗಿ ಕುತ್ತಿಗೆಗೆ ಅಂಟಿದರೆ ಹತ್ತಿರ ಬರಬೇಡವೆಂಬ ಎಚ್ಚರಿಕೆ. ಮೂಗಿನ ಹೊಳ್ಳೆ ಬಿಗಿದು, ಕಣ್ಣಿನ ಬಿಳಿಯ ಭಾಗ ಕಂಡು, ತಲೆ ಮೇಲೆತ್ತಿ ನಿಂತ ಕುದುರೆಗೆ ಆ ಕ್ಷಣದಲ್ಲಿ ಯಾವ ಪಾಠವೂ ಹತ್ತುವುದಿಲ್ಲ. ಅದರ ಮನಸ್ಸೆಲ್ಲ ಓಡುವ ದಾರಿಯನ್ನು ಹುಡುಕುತ್ತಿರುತ್ತದೆ. ತಲೆ ತಗ್ಗಿ, ಕುತ್ತಿಗೆ ಸಡಿಲವಾಗಿ, ಹಿಂಗಾಲೊಂದನ್ನು ವಿಶ್ರಮಿಸಿಕೊಂಡು ನಿಂತಾಗಲೇ ಕಲಿಕೆಗೆ ಅವಕಾಶ.

ಮೃದುಶಿಕ್ಷಣವೆಂದರೆ ಕುದುರೆಯನ್ನು ಮುದ್ದಿಸಿ ಅದು ಹೇಳಿದಂತೆ ಕೇಳುವುದೆಂದು ಕೆಲವರು ಭಾವಿಸುವುದುಂಟು. ಇದು ತಪ್ಪು ಕಲ್ಪನೆ. ಲಗಾಮನ್ನು ಸ್ವಲ್ಪ ಬಿಗಿಹಿಡಿಯುವುದು, ಪಕ್ಕೆಗೆ ಕಾಲಿನಿಂದ ಮೆಲ್ಲನೆ ಒತ್ತುವುದು, ಎದುರು ಒಂದು ಹೆಜ್ಜೆಯಿಡುವುದು, ಎಲ್ಲವೂ ಒತ್ತಡವೇ. ಕುದುರೆ ಕಲಿಯುವುದು ಆ ಒತ್ತಡ ತಪ್ಪಿದ ಕ್ಷಣದಲ್ಲಿ. ಅದು ಸರಿಯಾದ ಕಡೆಗೆ ಅರ್ಧ ಹೆಜ್ಜೆ ಇಟ್ಟೊಡನೆ ಕೈ ಸಡಿಲವಾದರೆ, ಹೀಗೆ ಮಾಡಿದರೆ ನೆಮ್ಮದಿ ದೊರೆಯುತ್ತದೆಂದು ಅದಕ್ಕೆ ತಿಳಿಯುತ್ತದೆ. ಸಡಿಲಿಸಲು ತಡವಾದರೆ ಏನೂ ತಿಳಿಯದು. ಸರಿಯಾದ ಹೆಜ್ಜೆ ಇಟ್ಟ ಮೇಲೂ ಎಳೆತ ನಿಲ್ಲದಿದ್ದರೆ, ಏನು ಮಾಡಿದರೂ ನೋವು ತಪ್ಪದೆಂಬ ಒಂದೇ ಪಾಠವನ್ನು ಅದು ಕಲಿತು, ಒಂದೋ ಹುಚ್ಚೆದ್ದು ಎಗರುತ್ತದೆ, ಇಲ್ಲವೇ ಮರದ ಕೊರಡಿನಂತೆ ಜಡವಾಗುತ್ತದೆ. ಆ ಜಡತೆಯನ್ನೇ ಅನೇಕರು ಸಾಧುತ್ವವೆಂದು ಹೊಗಳುತ್ತಾರೆ. ‘ಶಿಕ್ಷೆ’ ಎಂಬ ಸಂಸ್ಕೃತ ಶಬ್ದಕ್ಕೆ ಕಲಿಕೆಯೆಂದೇ ಮೂಲಾರ್ಥ. ಕನ್ನಡದಲ್ಲಿ ಅದು ದಂಡನೆಯೆಂಬ ಅರ್ಥದಲ್ಲಿ ನೆಲೆನಿಂತುದು ಲಾಯಗಳ ಚರಿತ್ರೆಯನ್ನು ನೋಡಿದರೆ ಆಶ್ಚರ್ಯವೆನಿಸುವುದಿಲ್ಲ. ಶಾಲೆಗಳ ಚರಿತ್ರೆಯನ್ನು ನೋಡಿದರೂ ಅಷ್ಟೆ.

ಕುದುರೆಯು ಮನುಷ್ಯನ ದೇಹವನ್ನು ಎಷ್ಟು ಸೂಕ್ಷ್ಮವಾಗಿ ಓದಬಲ್ಲದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟುದು ಬರ್ಲಿನ್ ನಗರದ ಒಂದು ಕುದುರೆ. ಅದರ ಒಡೆಯ ಫಾನ್ ಓಸ್ಟೆನ್ ಗಣಿತದ ಉಪಾಧ್ಯಾಯನಾಗಿದ್ದವನು. ‘ಜಾಣ ಹಾನ್ಸ್’ ಎಂದು ಹೆಸರಾದ ಆ ಕುದುರೆಗೆ ಕೂಡುವ, ಕಳೆಯುವ ಲೆಕ್ಕ ಕೇಳಿದರೆ ಗೊರಸಿನಿಂದ ನೆಲವನ್ನು ಅಷ್ಟು ಸಲ ತಟ್ಟಿ ಉತ್ತರ ಹೇಳುತ್ತಿತ್ತು. ಜನ ಮುಗಿಬಿದ್ದು ನೋಡಿದರು. 1904ರಲ್ಲಿ ಪರೀಕ್ಷಿಸಿದ ಪಂಡಿತಮಂಡಳಿಗೂ ಮೋಸವೇನೂ ಕಾಣಲಿಲ್ಲ. ಅನಂತರ ಆಸ್ಕರ್ ಪ್ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ತಾಳ್ಮೆಯಿಂದ ಪರೀಕ್ಷಿಸಿ 1907ರಲ್ಲಿ ಗುಟ್ಟನ್ನು ಪ್ರಕಟಪಡಿಸಿದನು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಕೇಳಿದವನು ಕುದುರೆಯ ಕಣ್ಣಿಗೆ ಬೀಳದಿದ್ದರೆ, ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವನ ತಲೆ, ಮುಖಗಳಲ್ಲಿ ಅವನಿಗೇ ತಿಳಿಯದಂತೆ ಆಗುತ್ತಿದ್ದ ಕೂದಲೆಳೆಯಷ್ಟು ಚಲನೆಯನ್ನು ಕಂಡು ಅದು ಗೊರಸನ್ನು ನಿಲ್ಲಿಸುತ್ತಿತ್ತು. ಕುದುರೆಗೆ ಗಣಿತ ಬರುತ್ತಿರಲಿಲ್ಲವೆಂದು ಅಂದಿನವರು ನಕ್ಕರು. ಪಂಡಿತರಿಗೂ ಕಾಣದ ಸನ್ನೆಯನ್ನು ಅದು ಕಂಡಿತ್ತೆಂಬುದಲ್ಲವೆ ದೊಡ್ಡ ವಿಷಯ? 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಪರಿಚಿತರ ಕೋಪದ ಮುಖದ ಚಿತ್ರವನ್ನು ಕುದುರೆಗಳಿಗೆ ತೋರಿಸಿದಾಗ ಅವುಗಳ ಎದೆಬಡಿತ ಬೇಗ ಏರಿದುದನ್ನು ದಾಖಲಿಸಿದರು. ಒಳಗೆ ಸಿಟ್ಟಿಟ್ಟುಕೊಂಡು ಕೈಯಲ್ಲಿ ಬೆಲ್ಲ ಹಿಡಿದು ಹೋದವನನ್ನು ಕುದುರೆ ಏಕೆ ನಂಬುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಈ ಮಾರ್ಗಕ್ಕೆ ಇತ್ತೀಚಿನ ದಶಕಗಳಲ್ಲಿ ಹೆಚ್ಚು ಪ್ರಚಾರ ತಂದವನು ಅಮೆರಿಕದ ಮಾಂಟಿ ರಾಬರ್ಟ್ಸ್. ದುಂಡನೆಯ ಆವರಣದಲ್ಲಿ ಕುದುರೆಯನ್ನು ಬಿಟ್ಟು, ದೇಹದ ನಿಲುವಿನಿಂದಲೇ ಅದನ್ನು ಸುತ್ತು ಓಡಿಸಿ, ಅದು ದಣಿದು ಬಾಯಿ ಚಪ್ಪರಿಸಿ ತಲೆ ತಗ್ಗಿಸಿದಾಗ ತಾನು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಕುದುರೆ ತಾನಾಗಿ ಹಿಂದೆ ಬಂದು ಅವನ ಭುಜದ ಬಳಿ ನಿಲ್ಲುತ್ತದೆ. 1989ರಲ್ಲಿ ಎಲಿಜಬೆತ್ ರಾಣಿಯೇ ಕರೆಸಿ ನೋಡಿದಳು. ದೃಶ್ಯ ಮನೋಹರವಾದುದು, ಚಾವಟಿಗಿಂತ ಸಾವಿರ ಪಾಲು ಮೇಲಾದುದು. ಆದರೂ ಇದೆಲ್ಲವೂ ಪ್ರೀತಿಯೇ ಎಂದು ನಂಬುವುದು ಅವಸರದ ತೀರ್ಮಾನ. 2012ರಲ್ಲಿ ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದ ಸಂಶೋಧಕರು ಮನುಷ್ಯನ ಬದಲು ದೂರದಿಂದ ನಡೆಸುವ ಆಟಿಕೆಯ ಕಾರನ್ನು ಬಳಸಿ ಇದೇ ಪ್ರಯೋಗ ಮಾಡಿದರು. ಕುದುರೆಗಳು ಆ ಕಾರಿನ ಕಡೆಗೂ ತಿರುಗಿ ನಡೆದವು. ಅಟ್ಟಿಸುವುದು ನಿಂತಿತೆಂಬ ಸಮಾಧಾನವೂ ಆ ಬರುವಿಕೆಯಲ್ಲಿ ಸೇರಿದೆ. ವಿಶ್ವಾಸವೆಂಬುದು ಅರ್ಧ ಗಂಟೆಯ ಪ್ರದರ್ಶನದಲ್ಲಿ ಹುಟ್ಟುವ ವಸ್ತುವಲ್ಲ. ದಿನವೂ ಹುರುಳಿ ತಿನ್ನಿಸಿ, ಮೈ ತಿಕ್ಕಿ, ಗೊರಸೆತ್ತಿ ನೋಡುವ ಕೈಯಲ್ಲಿ ಅದು ನಿಧಾನವಾಗಿ ಬೆಳೆಯತಕ್ಕದ್ದು.

ಅರಸೀಕೆರೆ, ಕಡೂರು, ಬೀರೂರುಗಳ ಸೀಮೆಯವರಿಗೆ ಇದನ್ನು ಅಮೆರಿಕದಿಂದ ಕಲಿಯಬೇಕಾದ ಅಗತ್ಯವೂ ಇರಲಿಲ್ಲ. ಇದು ಅಮೃತಮಹಲ್ ಕಾವಲುಗಳ ನಾಡು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಆ ತಳಿ ಇಂದಿಗೂ ಇದೆ. ಕಾವಲಿನ ಬಯಲಿನಲ್ಲಿ ಅರೆಕಾಡಾಗಿ ಬೆಳೆದ ಈ ದನಗಳ ಬಿರುಸು ಪ್ರಸಿದ್ಧವಾದುದು. ಬಲ್ಲ ರೈತನು ಅಂಥ ಹೋರಿಯನ್ನು ಏಕಾಕಿ ನೊಗಕ್ಕೆ ಒಡ್ಡುವುದಿಲ್ಲ. ಪಳಗಿದ ಮುದಿ ಎತ್ತಿನ ಜೊತೆಗೆ ಕಟ್ಟುತ್ತಾನೆ. ಮೊದಲು ಬರಿಯ ನೊಗ, ಆಮೇಲೆ ಹಗುರವಾದ ಕೊರಡು, ಕೊನೆಗೆ ಗಾಡಿ. ಮುದಿ ಎತ್ತು ಹೆದರದೆ ನಡೆಯುವುದನ್ನು ಕಂಡು ಹೋರಿಯ ಹೆದರಿಕೆ ಕಡಮೆಯಾಗುತ್ತದೆ. ಇದು ವಿವೇಕ. ಅದೇ ರೈತನ ಮಗನು ಗಾಡಿಯೋಟದ ದಿನ ಬಾಲ ಮುರಿದು, ಮೊಳೆಯ ಕೋಲಿನಿಂದ ತಿವಿಯುವುದೂ ಉಂಟು, ಅದು ಅವಿವೇಕ. 2017ರಲ್ಲಿ ಕರ್ನಾಟಕ ಸರ್ಕಾರ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶವಿತ್ತು ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಓಟಕ್ಕೆ ಸಿಕ್ಕಿದ ಅನುಮತಿಯನ್ನು ತಿವಿತಕ್ಕೆ ಸಿಕ್ಕಿದ ಅನುಮತಿಯೆಂದು ಯಾರೂ ಓದಿಕೊಳ್ಳಬಾರದು.

ಮೈಸೂರಿನ ದಸರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿದೆ. ಜಂಬೂಸವಾರಿಯ ದಿನ ಇಪ್ಪತ್ತೊಂದು ಕುಶಾಲತೋಪುಗಳು ಹಾರುತ್ತವೆ. ಅಂದು ಆನೆಗಳೂ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳೂ ಬೆದರಬಾರದೆಂದು ವಾರಗಳ ಮೊದಲೇ ಫಿರಂಗಿಯ ತಾಲೀಮು ನಡೆಯುತ್ತದೆ. ಅವುಗಳನ್ನು ಸಾಲಾಗಿ ನಿಲ್ಲಿಸಿ, ಪರಿಚಿತರಾದ ಮಾವುತರೂ ಸವಾರರೂ ಬಳಿಯಲ್ಲಿದ್ದು, ತೋಪು ಹಾರಿಸುತ್ತಾರೆ. ಮೊದಲ ತಾಲೀಮಿನಲ್ಲಿ ಕೆಲವು ಬೆದರುತ್ತವೆ. ಮತ್ತೆ ತಾಲೀಮು ನಡೆಯುತ್ತದೆ. ಹಬ್ಬದ ದಿನವೇ ಮೊದಲ ಬಾರಿಗೆ ಆ ಸದ್ದನ್ನು ಕೇಳಿಸಿದ್ದರೆ ಅಂಬಾರಿಯ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

ಊರೂರಿನ ಮೆರವಣಿಗೆಗಳಲ್ಲಿ ನಡೆಯುತ್ತಿರುವುದಾದರೋ ಅದೇ. ರೈಲು ನಿಲ್ದಾಣಗಳ ಮುಂದೆ ಜಟಕಾಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ ಕುದುರೆಗೆ ಊರಿನ ಗದ್ದಲ ದಿನದ ಅಭ್ಯಾಸವಾಗಿತ್ತು. ಆಟೋರಿಕ್ಷಾಗಳು ಬಂದು ಜಟಕಾಗಳು ಹೋದವು. ಉಳಿದ ಕೆಲವೇ ಕುದುರೆಗಳಿಗೆ ಮದುವೆಯ ದಿಬ್ಬಣ, ಜಾತ್ರೆ, ಶಾಲೆಯ ಉತ್ಸವಗಳೇ ಉದ್ಯೋಗ. ಕಿತ್ತೂರಿನ ಚೆನ್ನಮ್ಮನ ವೇಷ ತೊಟ್ಟು ಕತ್ತಿ ಹಿಡಿದ ಬಾಲಕಿಯನ್ನು ಕುದುರೆಯ ಮೇಲೆ ಕೂರಿಸದ ಶಾಲೆಯ ಮೆರವಣಿಗೆ ಕನ್ನಡ ನಾಡಿನಲ್ಲಿ ಅಪರೂಪ. ಕುದುರೆ ಅಂದು ಬೆಳಿಗ್ಗೆ ಬಂದಿರುತ್ತದೆ. ಬಾಲಕಿಯನ್ನು ಅದು ಮೊದಲು ಕಂಡುದೇ ಆಗ. ಮುಂದೆ ಡೊಳ್ಳು, ಹಿಂದೆ ಧ್ವನಿವರ್ಧಕ, ಕಾಲ ಬುಡದಲ್ಲಿ ಪಟಾಕಿ. ಇಷ್ಟರ ನಡುವೆ ಅದನ್ನು ನಿಲ್ಲಿಸಿರುವುದು ವಿಶ್ವಾಸವಲ್ಲ. ಬಹಳ ಸಲ ಬಾಯಲ್ಲಿರುವ ಮುಳ್ಳಿನ ಕಡಿವಾಣ. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪಿದೆ. ಅಲ್ಲಿ ಎಲುಬಿನ ಮೇಲೆ ತೆಳುವಾದ ಒಸಡು ಮಾತ್ರ. ಕಡಿವಾಣ ಕೂರುವುದು ಅಲ್ಲಿಯೇ. ಆ ಜಾಗಕ್ಕೆ ಮೊಳೆ ಚುಚ್ಚಿದರೆ ಎಂಥ ಕುದುರೆಯೂ ನಿಲ್ಲುತ್ತದೆ, ಕುಣಿಸಿದರೆ ಕುಣಿಯುತ್ತದೆ. ನೋವು ಮಿತಿಮೀರಿದ ದಿನ ನಿಲ್ಲುವುದಿಲ್ಲ. ಅಂದು ಅದರ ಬೆನ್ನಿನ ಮೇಲಿರುವುದು ಮಗು. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯಲು 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳು ಮುಳ್ಳಿನ ಕಡಿವಾಣವನ್ನು ಸ್ಪಷ್ಟವಾಗಿ ನಿಷೇಧಿಸಿವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವುದು, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸುವುದು ಕೂಡ ಆ ನಿಯಮಗಳಿಗೆ ವಿರುದ್ಧ.

ಕುದುರೆಯವನನ್ನು ದೂರಿ ಪ್ರಯೋಜನವಿಲ್ಲ. ವರ್ಷದಲ್ಲಿ ಕೆಲವೇ ತಿಂಗಳ ಸಂಪಾದನೆಯಿಂದ ಹನ್ನೆರಡು ತಿಂಗಳು ಹುರುಳಿ, ಹುಲ್ಲು, ಲಾಳದ ಖರ್ಚನ್ನು ಅವನು ತೂಗಿಸಬೇಕು. ಕುದುರೆ ಕುಣಿಯಲಿ ಎಂದು ನೋಟು ಹಿಡಿಯುವವರು ಮೆರವಣಿಗೆಯವರು. ಕುಣಿಸುವುದು ಅವನ ಹೊಟ್ಟೆಪಾಡು. ಕುದುರೆಯನ್ನೇ ಕರೆಸಬಾರದೆಂಬ ವಾದವೂ ಇದೆ. ಅದು ಸುಲಭದ ವಾದ. ಅದರಿಂದ ಮಕ್ಕಳು ಒಂದು ಒಳ್ಳೆಯ ಪ್ರಾಣಿಯ ಪರಿಚಯವನ್ನೂ, ಕುದುರೆಯವನು ಅನ್ನವನ್ನೂ ಕಳೆದುಕೊಳ್ಳುತ್ತಾರೆ, ಕುದುರೆಯ ಗತಿಯಂತೂ ಇನ್ನೂ ಕಷ್ಟವಾಗುತ್ತದೆ. ಉತ್ಸವಕ್ಕೆ ದೇಣಿಗೆ ಕೊಡುವ ಮಹನೀಯರು ಹೂವಿನ ಅಲಂಕಾರಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ಇದಕ್ಕೆ ಕೊಟ್ಟರೆ ಕುದುರೆಯನ್ನು ಒಂದು ದಿನದ ಬದಲು ನಾಲ್ಕು ದಿನ ಕರೆಸಬಹುದು. ಮೊದಲ ದಿನ ಶಾಲೆಯ ಅಂಗಳದಲ್ಲಿ ನೆರಳಿಗೆ ಕಟ್ಟಿ, ಸವಾರಿ ಮಾಡಲಿರುವ ಬಾಲಕಿಯ ಕೈಯಿಂದಲೇ ಹುಲ್ಲು ಹಾಕಿಸಬೇಕು. ಎರಡನೆಯ ದಿನ ಅವಳು ಅದನ್ನು ಹಿಡಿದು ನಡೆಸಲಿ, ದೂರದಲ್ಲಿ ಡೊಳ್ಳು ಮೆಲ್ಲನೆ ಬಾರಿಸಲಿ. ಮೂರನೆಯ ದಿನ ಡೊಳ್ಳು ಹತ್ತಿರ ಬರಲಿ, ಅವಳು ಜೀನಿನ ಮೇಲೆ ಕೂರಲಿ. ಮೆರವಣಿಗೆಯಲ್ಲಿ ಪಟಾಕಿ ಬೇಡ. ಧ್ವನಿವರ್ಧಕದ ಗಾಡಿ ಕುದುರೆಯಿಂದ ಬಹುದೂರ ಇರಲಿ. ಕುದುರೆಯವನೊಡನೆ ಬಾಡಿಗೆ ಮಾತನಾಡುವಾಗಲೇ ಕಡಿವಾಣವನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿ ನೋಡುವ ಕೆಲಸವನ್ನು ವ್ಯಾಯಾಮದ ಉಪಾಧ್ಯಾಯರಿಗೆ ವಹಿಸಬಹುದು. ಮೊಳೆ ತಗುಲಿದರೆ ನುಣುಪಾದ ಕಡಿವಾಣವೊಂದನ್ನು ಶಾಲೆಯೇ ಕೊಂಡು ಅವನಿಗೆ ಕೊಟ್ಟುಬಿಡಲಿ, ಅದರ ಬೆಲೆ ಒಂದು ಹಾರಕ್ಕಿಂತ ಬಹಳ ಹೆಚ್ಚಾಗುವುದಿಲ್ಲ.